9 ನಿಮಿಷ 21 ಸೆಕೆಂಡಿನ ಹಠ

"ಎಲ್ಲ ದೇಶಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರೆ ಬಗೆಹರಿಯದ ಸಮಸ್ಯೆಯೇ ಇಲ್ಲ" ಎಂದು ಮಂಜು ಘೋಷಿಸಿದ. ಘೋಷಿಸುವುದು ಅವನ ಚಟ.

"ಯಾವ ಮೇಜು? ದುಂಡಗಿನದೋ, ಚೌಕದ್ದೋ?" ಎಂದಳು ಸುಧಾ.

"ತಮಾಷೆ ಸಾಕು."

"ತಮಾಷೆ ಅಲ್ಲ ಕಣೋ. 1968ರ ಕೊನೆಗೆ ವಿಯೆಟ್ನಾಂ ಯುದ್ಧ ನಿಲ್ಲಿಸೋಕೆ ಪ್ಯಾರಿಸ್ಸಿನಲ್ಲಿ ಸೇರಿದವರು ವಾರಗಟ್ಟಲೆ ಕಿತ್ತಾಡಿದ್ದು ಮೇಜಿನ ಆಕಾರಕ್ಕೆ. ದಕ್ಷಿಣ ವಿಯೆಟ್ನಾಂ ಸರ್ಕಾರದ ವಿರುದ್ಧ ಹೋರಾಡ್ತಿದ್ದ ಬಂಡುಕೋರರು ತಮಗೆ ಸರಿಸಮನಾಗಿ ಕೂರಬಾರದು ಅಂತ ದಕ್ಷಿಣದವರು. ಕೂರಲೇಬೇಕು ಅಂತ ಉತ್ತರ ವಿಯೆಟ್ನಾಂನವರು. ಅತ್ತ ಯುದ್ಧ ನಡೀತಾನೇ ಇದೆ! ಜನವರಿಯಲ್ಲಿ ಒಂದು ದುಂಡು ಮೇಜು, ಅದರ ಆಚೀಚೆ ಎರಡು ಪುಟ್ಟ ಮೇಜು ಹಾಕಿದರು. ಇದು ಎರಡು ಬಣ ಅಂತ ದಕ್ಷಿಣದವರು, ನಾಲ್ಕು ಬಣ ಅಂತ ಉತ್ತರದವರು ಅಂದುಕೊಂಡರು. ಮಾತುಕತೆ ಶುರುವಾಯಿತು."

"ಶಾಂತಿ ಪ್ರಶಸ್ತಿ ಬಡಗಿಗೆ ಹೋಗಬೇಕಿತ್ತು" ಎಂದ ಶ್ರೀಕಂಠ.

ನನಗೇನೋ ಇದರಲ್ಲಿ ತಪ್ಪು ಕಾಣಲಿಲ್ಲ. ಹಠ ಬಿಡದೆಯೇ ಒಪ್ಪಿಕೊಳ್ಳೋಕೆ ಒಂದು ಸಂದಿ ಬೇಕು, ಅಷ್ಟೇ. ಫ್ರಾನ್ಸಿನದ್ದನ್ನೇ ನೋಡಿ ಎಂದೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳು ಸೇರಿ, ಜಗತ್ತಿನ ಸಮಯ ಲೆಕ್ಕ ಹಾಕೋಕೆ ರೇಖಾಂಶದ ಸೊನ್ನೆ ಲಂಡನ್ನಿನ ಗ್ರೀನಿಚ್‌ನಲ್ಲಿರಲಿ ಎಂದವು. ಫ್ರಾನ್ಸ್ ಮತವನ್ನೇ ಹಾಕಲಿಲ್ಲ. ಇಂಗ್ಲಿಷರ ಗಡಿಯಾರಕ್ಕೆ ತಲೆ ಬಾಗುವುದೇ? ಕೊನೆಗೆ 1911ರಲ್ಲಿ ಕಾನೂನು ಮಾಡಿತು. ದೇಶದ ಸಮಯ ಏನೆಂದರೆ, 'ಪ್ಯಾರಿಸ್ ಸಮಯಕ್ಕಿಂತ 9 ನಿಮಿಷ 21 ಸೆಕೆಂಡು ಹಿಂದೆ'. ಲೆಕ್ಕ ಹಾಕಿದರೆ ಅದು ಗ್ರೀನಿಚ್ ಸಮಯವೇ! ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ಸುಧಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಗಡಿಯಾರ, ಮೇಜು ಎಲ್ಲ ಸರಿ, ಜೇಬಿಗೆ ಕೈ ಹಾಕಿ ಅಂದಾಗ ನೋಡಬೇಕು" ಎಂದ ಶ್ರೀಕಂಠ. "ಹವಾಮಾನ ಬದಲಾವಣೆ ಎದುರಿಸೋಕೆ, 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಹೊಂದಿಸ್ತೀವಿ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು 2022ಕ್ಕೆ. ಅದರಲ್ಲೂ ಜಾಸ್ತಿ ಪಾಲು ಸಾಲ. ಸಹಾಯ ಮಾಡಿದೆ, ಬಡ್ಡಿ ಕೊಡು!"

"ಹಾಗಂತ ದುಡ್ಡು ಬಿಚ್ಚಿದ್ದೇ ಇಲ್ಲ ಅನ್ನಬೇಡ. ಓಝೋನ್?" ಎಂದೆ. ಅಂಟಾರ್ಕ್ಟಿಕಾ ಮೇಲೆ ಓಝೋನ್ ಪದರಕ್ಕೆ ತೂತು ಬಿದ್ದ ಸುದ್ದಿ ಬಂದಿದ್ದು 1985ರಲ್ಲಿ, ಆ ಪದರವನ್ನು ತಿನ್ನುವ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಗಿದ್ದು 1987ರಲ್ಲಿ. ಬಡ ದೇಶಗಳಿಗೆ ಹತ್ತು ವರ್ಷ ಜಾಸ್ತಿ ಗಡುವು, ಆಮೇಲೆ ಖರ್ಚಿಗೆ ನಿಧಿ. ಒಪ್ಪಂದಕ್ಕೆ ಸೇರದವರ ಜೊತೆ ಆ ಅನಿಲಗಳ ವ್ಯಾಪಾರ ಬಂದ್. ಸುಮ್ನೆ ಉಪದೇಶ ಮಾಡಿದ್ದರೆ ಯಾರು ಕೇಳುತ್ತಿದ್ದರು? ಹೊರಗೆ ಉಳಿದವರಿಗೇ ನಷ್ಟ ಅಂತಾದ ಮೇಲೆ ಒಬ್ಬೊಬ್ಬರಾಗಿ ಬಂದು, ಜಗತ್ತಿನ ಎಲ್ಲ ದೇಶಗಳೂ ಸೇರಿದವು.

ಮಂಜುವಿಗೆ ಮತ್ತೆ ಹುರುಪು ಬಂತು. "ಹಾಗಾದ್ರೆ ಮೊದಲು ಭದ್ರತಾ ಮಂಡಳಿಯ ವೀಟೋ ಕಿತ್ತು ಹಾಕೋಣ. ನಿರ್ಣಯವನ್ನು ಒಬ್ಬರೇ ತಡೆಯೋ ಅಧಿಕಾರ ಹದಿನೈದು ದೇಶಗಳಲ್ಲಿ ಐವರಿಗೆ ಮಾತ್ರ ಯಾಕೆ?"

"ಹಾಕೋಣ. ಅದಕ್ಕೆ ವಿಶ್ವಸಂಸ್ಥೆಯ ಸನ್ನದು ತಿದ್ದಬೇಕು" ಎಂದಳು ಸುಧಾ.

"ತಿದ್ದಲಿ."

"ಮೂರರಲ್ಲಿ ಎರಡು ಪಾಲು ದೇಶಗಳು ಒಪ್ಪಬೇಕು."

"ಒಪ್ಪುತ್ತವೆ!"

"ಆ ಐವರೂ ಒಪ್ಪಬೇಕು."

ಮಂಜು ಒಂದು ಕ್ಷಣ ಯೋಚಿಸಿದ. "ಮೊದಲು ಆ ನಿಯಮ ತೆಗೆಯೋಣ."

"ಅದಕ್ಕೂ ಅವರನ್ನೇ ಕೇಳಬೇಕು ಕಣೋ."