ಅಪ್‌ಡೇಟ್: ತೊಡೆ ನೋವಿನ ನಂತರ ಮತ್ತೆ 100 ಮೀಟರ್

ಚಳಿಗಾಲದಲ್ಲಿ ಕೇಳಿದ್ದೆ: ವಯಸ್ಸು 47, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎರಡನೇ ಸಲ ಹರಿದಿದೆ, ಓಟ ಬಿಡಬೇಕಾ? ಬಿಡಲಿಲ್ಲ.

ಮೊದಲ ಸಲದ ತಪ್ಪು ಈಗ ಅರ್ಥವಾಗಿದೆ. ನಡೆಯುವಾಗ ನೋವಿಲ್ಲ ಅಂತ ಮೂರೇ ವಾರಕ್ಕೆ ಪೂರ್ತಿ ವೇಗದಲ್ಲಿ ಓಡಿದ್ದೆ. ನೋವು ಹೋಗುವುದು ಬೇರೆ, ಸ್ನಾಯು ಗಟ್ಟಿಯಾಗುವುದು ಬೇರೆ ಅಲ್ವಾ? ಕಾಲು ಮುಂದೆ ಚಾಚಿ ನೆಲ ಮುಟ್ಟುವ ಮುಂಚೆ ಆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಅದಕ್ಕೇ ಈ ಸಲ ನಾರ್ಡಿಕ್ ಕರ್ಲ್. ಮೊಣಕಾಲೂರಿ, ಮಗ ಹಿಮ್ಮಡಿ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗುವುದು. ವಾರಕ್ಕೆ ಎರಡೇ ದಿನ, ಜಾಸ್ತಿ ಇಲ್ಲ.

ಕಲಬುರಗಿ ಬಿಸಿಲು ಗೊತ್ತಲ್ಲ, ಐದೂವರೆಗೇ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಇರುತ್ತಿದ್ದೆ. ಹೋದ ವಾರ 45ರಿಂದ 49ರ ವಿಭಾಗದಲ್ಲಿ ಓಡಿದೆ. 14.1 ಸೆಕೆಂಡ್, ನಾಲ್ಕನೇ ಸ್ಥಾನ. ಕಾಲು ಹಿಡಿಯಲಿಲ್ಲ! ಗೆರೆ ದಾಟಿ ಅತ್ತುಬಿಟ್ಟೆ. 200 ಮೀಟರ್‌ಗೆ ಹೆಸರು ಕೊಟ್ಟಿಲ್ಲ, ತಿರುವಿನಲ್ಲಿ ಎಡಗಾಲು ಇನ್ನೂ ಬಿಗಿಯುತ್ತದೆ.