ಅಪ್‌ಡೇಟ್: ಅವ್ವನ ಕ್ಯಾನ್ಸರ್ ನೋವಿಗೆ ರಿಲ್ಯಾಕ್ಸೇಷನ್, ಏನು ವರ್ಕ್ ಆಯ್ತು

ಅವ್ವಗ ಕ್ಯಾನ್ಸರ್ ಎಲುಬಿಗಿ ಹಬ್ಬ್ಯದ, ನೋವಿಗಿ ಕೊಡೋ ಮಾರ್ಫಿನ್ ಗುಳಿಗಿ ಜೋಡಿ ರಿಲ್ಯಾಕ್ಸೇಷನ್ (ಮೈ-ಮನಸ್ಸು ಸಡಿಲ ಬಿಡೋದು) ಏನರ ಮಾಡಬಹುದಾ ಅಂತ ಕಲಬುರಗಿಯಿಂದ ಕೇಳಿದ್ನೆಲ್ರಿ, ಅದರದು ಅಪ್‌ಡೇಟ್.

ಕೈಕಾಲು ಬಿಗಿ ಮಾಡಿ ಸಡಿಲ ಬಿಡೋದು ಆಗಿಬರಲಿಲ್ಲ, ಬಿಗಿ ಮಾಡಿದ ಕೂಡ್ಲೇ ಸೊಂಟದಾಗ ಚಳಕು ಹೊಡೀತು. ಬರೇ ಸಡಿಲ ಬಿಡೋದಷ್ಟೇ ಮಾಡಸ್ರಿ ಅಂದ್ರು ಡಾಕ್ಟರು. ಫೋನಿನ್ಯಾಗಿನ ಸಮುದ್ರದ ಸೌಂಡೂ ಬ್ಯಾಡ ಅಂದ್ಲು, ಅವ್ವ ಸಮುದ್ರ ಕಂಡವಳೇ ಅಲ್ಲ.

ಇಲ್ಲಿ ಒಬ್ರು ಅಕ್ಕಾರು ಹೇಳಿದ್ರಲ್ರಿ, ಆಕಿ ಮನಸ್ಸಿಗೆ ಸೇರೋ ಜಾಗಾ ಆಕಿ ಬಾಯಿಂದನೇ ಹೇಳಸ್ರಿ ಅಂತ, ಅದೇ ಹತ್ತಿತು ನೋಡ್ರಿ! ಕಣ್ಣು ಮುಚ್ಚಿ ಉಸಿರು ನಿಧಾನ ಬಿಡಕೋತ ತೊಗರಿ ಹೊಲದ ಬದು, ಹಳದಿ ಹೂವು, ಬುತ್ತಿಯಾಗಿನ ಖಡಕ್ ರೊಟ್ಟಿ ಅಂತ ಹೇಳ್ತಾ ಹೋಗ್ತಾಳ, ಕಚ್ಚಿ ಹಿಡಿದ ದವಡಿ ಸಡಿಲ ಆಗ್ತದ, ಮುಷ್ಟಿ ಬಿಚ್ಚತದ.

ನನಗ ಗೊತ್ತಿರಲಾರದ್ದು ಏನಂದ್ರ, ನೋವು ಏರಿದ ಮ್ಯಾಲೆ ಶುರು ಮಾಡಿದ್ರ ಭಾಳ ಉಪಯೋಗಿಲ್ಲ, ಮಗ್ಗಲು ಹೊರಳಸೋಕ್ಕಿಂತ, ಮೈ ತೊಳೆಯೋಕ್ಕಿಂತ ಮೊದಲೇ ಮಾಡಸಬೇಕು. ನೋವು ಪೂರಾ ಹೋಗಿಲ್ರಿ, ಖರೇ ಹೇಳ್ತೀನಿ, ಆದ್ರ ಅಂಜಿಕಿ ಕಮ್ಮಿ ಆಗಿ ನಿದ್ದಿ ಹತ್ಲಿಕ್ಕತ್ತದ. ಮಾರ್ಫಿನ್ ಮಾತ್ರ ಟೈಮಿಗೆ ಕೊಡ್ಲಿಕ್ಕತ್ತೀವಿ, ಅದನ್ನ ಬಿಟ್ಟು ಇದಲ್ಲ.

ಎಲುಬಿಗಿ ಹಬ್ಬಿದವರಿಗೆ ಒಮ್ಮಿಗೇ ಕಾಲಾಗಿನ ಶಕ್ತಿ ಹೋದ್ರ, ಒಂದಕ್ಕ ಕಟ್ಟಿದ್ರ, ಉಸಿರಾಟ ಮಾಡಸ್ಕೋತ ಕೂಡಬ್ಯಾಡ್ರಿ, ತಕ್ಷಣ ದವಾಖಾನಿಗಿ ಕರಕೊಂಡು ಹೋಗ್ರಿ.