ಅಸೈನ್‌ಮೆಂಟ್ ಅಂಕ ಗ್ರೇಡ್ ಆಗೋದು ಹೇಗೆ? ಮೇಷ್ಟ್ರನ್ನು ಕೇಳಿ

(ಕೊಡಗಿನ ಡಿಗ್ರಿ ವಿದ್ಯಾರ್ಥಿಗಳು ಮತ್ತು ಪೋಷಕರ ಗುಂಪು. ಉತ್ತರಿಸುವವರು ಪರೀಕ್ಷಾ ವಿಭಾಗ ನೋಡಿಕೊಂಡು ನಿವೃತ್ತರಾದ ಮೇಷ್ಟ್ರು.)

ಸೋಮವಾರಪೇಟೆಯ ತಂದೆ: ಸರ್, ಮಗನಿಗೆ ಅಸೈನ್‌ಮೆಂಟ್‌ನಲ್ಲಿ 20ಕ್ಕೆ 18. ಆದರೂ ಆ ಪೇಪರಿಗೆ ಬಿ ಕೊಟ್ಟಿದ್ದಾರೆ!

ಮೇಷ್ಟ್ರು: ಅಸೈನ್‌ಮೆಂಟಿಗೇ ಅಕ್ಷರ ಕೊಡುವುದಿಲ್ಲ. ಆ 18 ಮೊದಲು 5ಕ್ಕೋ 10ಕ್ಕೋ ಇಳಿಯುತ್ತದೆ. ಟೆಸ್ಟ್ ಅಂಕದ ಜೊತೆ ಸೇರಿ ಇಂಟರ್ನಲ್, ಅಂದರೆ ಕಾಲೇಜೇ ಕೊಡುವ ಅಂಕ, ಆಗುತ್ತದೆ. ಸೆಮಿಸ್ಟರ್ ಪರೀಕ್ಷೆಯ ಅಂಕ ಕೂಡಿದ ಮೇಲೆ ಅಕ್ಷರ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾದರಿಯಲ್ಲಿ ಒ ಅಂದರೆ 10 ಗ್ರೇಡ್ ಪಾಯಿಂಟ್, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಸೊನ್ನೆ. ಕಾಫಿ ಕ್ಯೂರಿಂಗ್‌ನಲ್ಲಿ ಜರಡಿ ಹಿಡಿದು ಎ, ಬಿ, ಸಿ, ಪೀಬೆರಿ (ಒಂಟಿ ಬೀಜ) ಅಂತ ಬೇರೆ ಮಾಡ್ತಾರಲ್ಲ, ಹಾಗೆ. ಜರಡಿಯ ತೂತು ಎಷ್ಟು ದೊಡ್ಡದು ಅನ್ನೋದು ನಿಮ್ಮ ವಿಶ್ವವಿದ್ಯಾಲಯದ ನಿಯಮ.

ವಿರಾಜಪೇಟೆ ಅಣ್ಣ: ಪೀಬೆರಿ ಜರಡಿ ಬೇರೆಯೇ ಸರ್. ಅದರ ತೂತು ಉದ್ದ.

ಸೋಮವಾರಪೇಟೆಯ ತಂದೆ: ಅಣ್ಣ, ಇಲ್ಲಿ ಮಕ್ಕಳ ಭವಿಷ್ಯ ನಡೀತಿದೆ.

ವಿರಾಜಪೇಟೆ ಅಣ್ಣ: ಕಾಫಿ ತೆಗೆದದ್ದು ನಾನಲ್ಲ.

ಕುಶಾಲನಗರದ ಹುಡುಗ: ಸರ್, ಕೆನಡಾದಲ್ಲಿ ನಮ್ಮ ಬಿ ಪ್ಲಸ್ ನಡೆಯುತ್ತಾ?

ಗೋಣಿಕೊಪ್ಪದ ಮೇಡಂ: ಬಂದದ್ದು ಹಾಕಿದ್ದೇನೆ: “ಸಿಜಿಪಿಎಯನ್ನು 9.5ರಿಂದ ಗುಣಿಸಿದರೆ ಪರ್ಸೆಂಟ್. ಎಲ್ಲರಿಗೂ ಕಳಿಸಿ.”

ಮೇಷ್ಟ್ರು: ಕಳಿಸಬೇಡಿ. ಸಿಜಿಪಿಎ ಅಂದರೆ ಎಲ್ಲ ಸೆಮಿಸ್ಟರ್ ಸೇರಿದ ಗ್ರೇಡ್ ಲೆಕ್ಕ. ಆ 9.5 ಸಿಬಿಎಸ್‌ಇ ಹತ್ತನೇ ಕ್ಲಾಸಿನ ಹಳೇ ಸೂತ್ರ. ವಿಟಿಯು (ಇಂಜಿನಿಯರಿಂಗ್ ವಿಶ್ವವಿದ್ಯಾಲಯ) ಒಂದು ಕಾಲದಲ್ಲಿ 0.75 ಕಳೆದು 10ರಿಂದ ಗುಣಿಸಿ ಅಂದಿತ್ತು. ಒಬ್ಬೊಬ್ಬರದು ಒಂದೊಂದು. ಅರ್ಜಿಯಲ್ಲಿ ತಪ್ಪು ಪರ್ಸೆಂಟ್ ಬರೆದು ದಾಖಲೆ ಪರಿಶೀಲನೆ ದಿನ ಸಿಕ್ಕಿಬೀಳೋದು ಮಗು, ಫಾರ್ವರ್ಡ್ ಮಾಡಿದವರಲ್ಲ.

ನಾಪೋಕ್ಲಿನ ಹುಡುಗಿ: ಸರ್, ಜುಲೈನಲ್ಲಿ ಮಳೆಗೆ ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಅಸೈನ್‌ಮೆಂಟ್ ಕೈಯಲ್ಲೇ ಕೊಟ್ಟೆ, ಅಂಚು ಒದ್ದೆಯಾಗಿತ್ತು. ಇಂಟರ್ನಲ್ ಅಂಕದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಎಬಿ’ ಇದೆ.

ಮೇಷ್ಟ್ರು: ಇದು ಗಂಭೀರ. ಎಬಿ ಅಂದರೆ ಆಬ್ಸೆಂಟ್, ಕೊಟ್ಟೇ ಇಲ್ಲ ಅಂತ. ಮರುಮೌಲ್ಯಮಾಪನಕ್ಕೆ ಹಾಕಿದರಾಯ್ತು ಅಂದುಕೊಳ್ಳಬೇಡಮ್ಮ, ಅದು ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆಗೆ, ಇಂಟರ್ನಲ್‌ಗಲ್ಲ. ಅಂಕ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿದ್ದಿಸೋದು ಬಲು ಕಷ್ಟ. ಹೋಗುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡು, ಬಾಯಲ್ಲಿ ಹೇಳಿ ಬರಬೇಡ. ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೋ. ಒದ್ದೆಯಾದ ಆ ಹಾಳೆಗಳು ಮೇಷ್ಟ್ರ ಕಪಾಟಿನಲ್ಲೇ ಇರಬಹುದು, ಹುಡುಕಿಸು. ಪಟ್ಟಿಗೆ ಸಹಿ ಹಾಕಿದ್ದೀಯಾ?

ಮಡಿಕೇರಿಯ ತಾಯಿ: ಒಂದು ಸೆಮಿಸ್ಟರಿನ ಎಸ್‌ಜಿಪಿಎ ಅಂದರೆ ಅದರ ಎಲ್ಲ ಗ್ರೇಡಿನ ಸರಾಸರಿ ತಾನೇ ಸರ್?

ಮೇಷ್ಟ್ರು: ಅಲ್ಲ. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ, ಅಂದರೆ ಆ ವಿಷಯಕ್ಕಿರುವ ತೂಕದಿಂದ, ಗುಣಿಸಿ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. 4 ಕ್ರೆಡಿಟ್‌ನಲ್ಲಿ 6, 2 ಕ್ರೆಡಿಟ್‌ನಲ್ಲಿ 10 ಬಂದರೆ 44 ಭಾಗಿಸು 6, ಅಂದರೆ 7.33. 8 ಅಲ್ಲ.

ಪೊನ್ನಂಪೇಟೆಯ ತಂದೆ: ಎಸ್‌ಜಿಪಿಎ ಸರಾಸರಿನಾ ಸರ್?

ಮೇಷ್ಟ್ರು: ಮೇಲೆ ಓದಿ.

ಗೋಣಿಕೊಪ್ಪದ ಮೇಡಂ: ನಮ್ಮ ಅಕ್ಕನ ಮಗನಿಗೆ 9.5 ಸರಿಹೋಗಿತ್ತಲ್ಲ.

ಮೇಷ್ಟ್ರು: ಹತ್ತನೇ ಕ್ಲಾಸಿನಲ್ಲಿ ಹೋಗಿರುತ್ತದೆ.

ಗೋಣಿಕೊಪ್ಪದ ಮೇಡಂ: ಕೇಳಿದ್ದಕ್ಕೆ ಇಷ್ಟು ಸಿಡುಕೋದು ಯಾಕೆ?

ನಾಪೋಕ್ಲಿನ ಹುಡುಗಿ: ಸರ್, ಸಹಿ ಹಾಕಿಬಿಟ್ಟೆ. ಎಲ್ಲರೂ ಸಾಲಿನಲ್ಲಿ ನಿಂತು ಹಾಕ್ತಿದ್ದರು, ಅಂಕ ನೋಡಲಿಲ್ಲ.

ಮೇಷ್ಟ್ರು: ಆಯ್ತು. ಅರ್ಜಿಯಲ್ಲಿ ಅದನ್ನೂ ಬರೆ, ಮುಚ್ಚಿಡಬೇಡ. ನಾಳೆ ಆಫೀಸು ತೆರೆಯುವಾಗ ಅಲ್ಲೇ ಇರು. ಆದ ಮೇಲೆ ನನಗೆ ಫೋನ್ ಮಾಡು.

ಕುಶಾಲನಗರದ ಹುಡುಗ: ಸರ್, ಕೆನಡಾ?